ತಳದ ಪಲ್ಯ

ಅಕ್ಕನ ರಕ್ತದಲ್ಲಿ ಸೀಸ ಸೇರಿದೆ ಎಂದು ರಾಯಚೂರಿನ ಕಿಡ್ನಿ ಡಾಕ್ಟರು ಹೇಳಿದ ತಕ್ಷಣ ಅಕ್ಕ ಕುರ್ಚಿ ಬಿಟ್ಟು ಎದ್ದು ನಿಂತಳು. ಡಾಕ್ಟರು ಮೈಸೂರು ಕಡೆಯವರು, ಪಾಪ, ತಾವೇನು ತಪ್ಪು ಮಾತಾಡಿದೆವೆಂದು ಅವರಿಗೆ ತಿಳಿಯಲಿಲ್ಲ. ನಮ್ಮ ಕಡೆ ಸೀಸಾ ಎಂದರೆ ಬಾಟಲಿ. ಅದರಲ್ಲೂ ದೊಡ್ಡವರು ದನಿ ಇಳಿಸಿ ಸೀಸಾ ಎಂದರೆ ಅದು ಕೊಬ್ಬರಿ ಎಣ್ಣೆಯದಲ್ಲ, ಕೆಮ್ಮಿನ ಔಷಧದ್ದೂ ಅಲ್ಲ, ವೈನ್‌ಶಾಪಿನದೇ.

“ಏನ್ ಮಾತಾಡ್ತೀರಿ ಡಾಕ್ಟ್ರ? ಕೊಳ್ಳಾಗ ಲಿಂಗ ಅದರೀ ನಂದು. ನಮ್ಮ ಮನ್ಯಾಗ ಗಂಡಸ್ರು ಸೈತ ಸೀಸಾ ಮುಟ್ಟಿಲ್ಲ, ನಾ ಮುಟ್ತೀನೇನ್ರಿ?”

ಬಾಗಿಲ ಬಳಿ ನಿಂತಿದ್ದ ಮಾವ, ಅಂದರೆ ಅಕ್ಕನ ಗಂಡ, ಫ್ಯಾನಿನ ಕಡೆ ನೋಡತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ, ನಗುತ್ತಲೇ ಅಕ್ಕನ ಕೈ ಹಿಡಿದು ಕೂರಿಸಿದೆ. “ಸೀಸಾ ಅಲ್ಲ ಅಕ್ಕಾ, ಸೀಸ. ತಾಮ್ರ, ಕಬ್ಬಿಣ ಇದ್ದಂಗ ಅದೊಂದು ಲೋಹ” ಎಂದೆ. ಅಕ್ಕ ಸ್ವಲ್ಪ ತಣ್ಣಗಾದಳು. ಆಮೇಲೆ ಡಾಕ್ಟರ ಮುಖ ನೋಡಿ, “ಹಂಗಾರ ಅದು ನನ್ನ ಮೈಯಾಗ ಹ್ಯಾಂಗ್ ಬಂತ್ರಿ?” ಎಂದು ಕೇಳಿದಳು.

“ನಾನೂ ಅದನ್ನೇ ನಿಮ್ಮನ್ನ ಕೇಳ್ತಿರೋದು” ಎಂದರು ಡಾಕ್ಟರು. ನನ್ನ ನಗು ಅಲ್ಲಿಗೆ ನಿಂತಿತು.

ಅಷ್ಟೊತ್ತಿಗೆ ಅಕ್ಕನ ಕಾಯಿಲೆಗೆ ವರ್ಷದ ಮೇಲಾಗಿತ್ತು. ಮೊದಲು ಸುಸ್ತು, ಆಮೇಲೆ ಆಗಾಗ ಹೊಟ್ಟೆ ಹಿಂಡಿದಂತೆ ನೋವು, ಸಂಜೆಯಾದರೆ ಕಾಲು ಬಾತುಕೊಳ್ಳುವುದು. ಸಕ್ಕರೆ ಕಾಯಿಲೆ ಇಲ್ಲ. ದೇವದುರ್ಗದ ಡಾಕ್ಟರು ಬಿ.ಪಿ. ಜಾಸ್ತಿ ಎಂದು ಗುಳಿಗೆ ಕೊಟ್ಟರು, ರಕ್ತ ಪರೀಕ್ಷೆ ಮಾಡಿಸಿದರು. ಕ್ರಿಯಾಟಿನಿನ್ ಎನ್ನುವುದು ಹೆಚ್ಚಿಗೆ ಬಂತು. ಮುಂದಿನ ಸಲ ಇನ್ನೂ ಹೆಚ್ಚು, ಅದರ ಮುಂದಿನ ಸಲ ಇನ್ನೂ. ಅಕ್ಕ ಅದನ್ನು “ಆ ಕಿರಿಕಿರಿ” ಅಂತಲೇ ಕರೆಯುತ್ತಿದ್ದಳು. ಕಡೆಗೆ ಅವರೇ ರಾಯಚೂರಿಗೆ ಕಳಿಸಿದರು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಕೆಲವು ಕಡೆ ಏನೇನೋ ಇರುತ್ತದೆ ಎಂದು ರಾಯಚೂರಿನ ಡಾಕ್ಟರು ಲೋಹಗಳ ಪರೀಕ್ಷೆಯನ್ನೂ ಬರೆದುಕೊಟ್ಟಿದ್ದರು. ಅವರು ನೀರಿನ ಮೇಲೆ ಗುಮಾನಿಪಟ್ಟು ಹುಡುಕಿದ್ದು ಸಿಗಲಿಲ್ಲ, ಸೀಸ ಸಿಕ್ಕಿತು.

ಅವರು ಬಿಡಿಸಿ ಹೇಳಿದರು. ಸೀಸ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಒಳಗೆ ಹೋದರೆ ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ. ಅದು ಎಲ್ಲಿಂದ ಬರುತ್ತಿದೆಯೋ ಪತ್ತೆ ಹಚ್ಚಿ ನಿಲ್ಲಿಸಿದರೆ ಉಳಿದ ಕಿಡ್ನಿಯನ್ನು ಕಾಪಾಡಿಕೊಳ್ಳಬಹುದು. ನಿಲ್ಲಿಸದಿದ್ದರೆ ಡಯಾಲಿಸಿಸ್‌ಗೆ ಸಿದ್ಧರಾಗಬೇಕು. ಆ ಪದ ಅಕ್ಕನಿಗೆ ಹೊಸದಲ್ಲ. ಅವಳ ಓಣಿಯ ಒಬ್ಬಾಕೆ ವಾರಕ್ಕೆ ಮೂರು ಸಲ ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಬರುವಾಗ ಆಕೆಯನ್ನು ಇಬ್ಬರು ಹಿಡಿದು ಇಳಿಸಬೇಕಾಗುತ್ತಿತ್ತು.

ನಾನು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹುರುಪೂ ಅಷ್ಟೇ. ಅವತ್ತು ವಾಪಸು ಬರುವ ಬಸ್ಸಿನಲ್ಲಿ ಕೂತಾಗಲೇ ನನ್ನ ತಲೆ ಓಡತೊಡಗಿತ್ತು. ಸೀಸ ಗಾಳಿಯಲ್ಲಿ ತೂರಿಕೊಂಡು ಬರುವುದಿಲ್ಲವಲ್ಲ, ಎಲ್ಲೋ ಒಂದು ಕಡೆ ಕೂತಿರುತ್ತದೆ. ಅದನ್ನು ನಾನೇ ಹಿಡಿಯುತ್ತೇನೆ ಎಂದು ಹಟ ಬಂತು. ನಿಜ ಹೇಳಬೇಕೆಂದರೆ ಭಯಕ್ಕಿಂತ ಆ ಹಟವೇ ನನಗೆ ಆ ದಿನಗಳಲ್ಲಿ ಊಟ, ನಿದ್ದೆ ಎಲ್ಲಾ ಆಗಿತ್ತು.

ಮೊದಲು ಮನೆಯವರೆಲ್ಲರ ರಕ್ತ ಕೊಡಿಸಿದೆವು. ಮಾವ, ಮಗಳು, ಮಗ, ಯಾರಿಗೂ ಹೇಳಿಕೊಳ್ಳುವಷ್ಟು ಇರಲಿಲ್ಲ. ಒಂದೇ ಸೂರು, ಒಂದೇ ನಳದ ನೀರು, ಒಂದೇ ಗಿರಣಿಯ ಜೋಳದ ಹಿಟ್ಟು. ಸೀಸ ಮಾತ್ರ ಅಕ್ಕನೊಬ್ಬಳನ್ನೇ ಆರಿಸಿಕೊಂಡಿತ್ತು. ಹಾಗಾದರೆ ಮನೆಯಲ್ಲಿ ಬೇರೆ ಯಾರೂ ಮಾಡದ, ಅಕ್ಕ ಮಾತ್ರ ಮಾಡುವ ಕೆಲಸ ಯಾವುದು? ಅವಳ ಬೆನ್ನು ಹತ್ತಿದೆ. ಕುಂಕುಮ ಯಾವುದು, ಅರಿಷಿಣ ಎಲ್ಲಿಯದು, ಕಣ್ಣಿಗೆ ಏನು ಹಚ್ಚುತ್ತಿ, ಬಳೆಗೆ ಎಂಥ ಬಣ್ಣ, ಎಲೆ ಅಡಿಕೆ ಜೊತೆ ಏನು ಹಾಕುತ್ತಿ ಎಂದು ಒಂದಾದ ಮೇಲೊಂದು ಕೇಳಿದೆ.

“ಪೊಲೀಸ್ ಆಗಬೇಕಿತ್ತು ನೀ” ಎಂದಳು ಅಕ್ಕ. “ಮಾಸ್ತರಿಕಿ ಮಾಡಾಕತ್ತಿ.”

ಔಷಧ ಏನಾದರೂ ತಗೋತೀಯಾ ಎಂದರೆ ಇಲ್ಲವೇ ಇಲ್ಲ ಎಂದಳು. ಒಂದು ಭಾನುವಾರ ಅವಳ ದೇವರ ಜಗಲಿಯ ಪಕ್ಕ ಕಂದು ಬಣ್ಣದ ಪುಡಿಯ ಡಬ್ಬಿ ಕಂಡಿತು. ಅದೇನೆಂದರೆ ಜಾಲಹಳ್ಳಿಯ ಒಬ್ಬರು ಕೊಡುವ ಮೊಣಕಾಲು ನೋವಿನ ಪುಡಿ. ಅದು ಔಷಧ ಅಲ್ಲವಂತೆ, ಪುಡಿಯಂತೆ. ಇಂಥ ಭಸ್ಮಗಳಲ್ಲಿ ಸೀಸ, ಪಾದರಸ ಇರುವುದುಂಟು ಎಂದು ಓದಿದ್ದೆ. ಸಿಕ್ಕಿಬಿದ್ದ ಎಂದುಕೊಂಡು ಅರ್ಧ ಡಬ್ಬಿ ಕಟ್ಟಿಸಿಕೊಂಡು, ಮಾರನೆಯ ದಿನ ಶಾಲೆಗೆ ರಜೆ ಹಾಕಿ ಜಾಲಹಳ್ಳಿಯ ಬಸ್ಸು ಹತ್ತಿದೆ.

ಪುಡಿ ಕೊಡುವವರು ವಯಸ್ಸಾದವರು, ಕಟ್ಟೆಯ ಮೇಲೆ ಕೂತಿದ್ದರು. ನಾನು ಹೋದವಳೇ ಬಾಯಿಗೆ ಬಂದಂತೆ ಬೈದೆ. ಜನ ಸೇರಿದರು. ನೀವು ಎಷ್ಟು ಮಂದಿಗೆ ವಿಷ ಕೊಟ್ಟೀರಿ, ನಮ್ಮಕ್ಕನ ಕಿಡ್ನಿ ನಿಮ್ಮಿಂದ ಹೋಯಿತು ಎಂದೆಲ್ಲ ಅಂದುಬಿಟ್ಟೆ. ಅವರು ಕೇಳುವಷ್ಟು ಕೇಳಿ ಒಂದು ಚಿಟಿಕೆ ಪುಡಿ ತಮ್ಮ ನಾಲಿಗೆಯ ಮೇಲೆ ಹಾಕಿಕೊಂಡರು. “ಒಣಶುಂಠಿ, ಮೆಂತ್ಯ, ಅಜವಾನ. ಬೇಕಾದ್ರ ಎಲ್ಲಿ ಪರೀಕ್ಷಾ ಮಾಡಿಸ್ತೀ ಮಾಡಸವಾ” ಎಂದರು. ಮಾಡಿಸಿದೆ. ಶುಂಠಿ, ಮೆಂತ್ಯ, ಅಜವಾನವೇ ಇತ್ತು. ಮುಂದೆ ಆ ಊರಿನ ಹುಡುಗಿಯೊಬ್ಬಳು ನಮ್ಮ ಶಾಲೆಗೆ ಸೇರಿದಾಗ, “ಟೀಚರ್, ಅವತ್ತು ಬೈದವರು ನೀವs ಅಲ್ರಿ?” ಎಂದು ಎಲ್ಲರೆದುರು ಕೇಳಿದಳು.

ಹೀಗೆ ನನ್ನ ಹುರುಪೆಲ್ಲ ಇಳಿದುಹೋಗಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ ದೇವದುರ್ಗದಲ್ಲಿ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಪುಂಡಿಪಲ್ಯ ಮಾಡಿದ್ದಳು. ಹುಳಿಸೊಪ್ಪಿಗೆ ಜೋಳದ ನುಚ್ಚು, ಬೇಳೆ ಹಾಕಿ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಆ ಪಲ್ಯವನ್ನು ಅಕ್ಕನ ಕೈಯಲ್ಲಿ ಉಂಡವರು ಬೇರೆಯವರ ಮನೆಯಲ್ಲಿ ಉಣ್ಣುವುದಿಲ್ಲ. ಅವ್ವನಿಂದ ಬಂದ ಹಿತ್ತಾಳೆ ಬೋಗುಣಿಯಲ್ಲೇ ಅದನ್ನು ಮಾಡುತ್ತಿದ್ದಳು. ಮಾವ, ಮಕ್ಕಳು, ನಾನು ಬಿಸಿಬಿಸಿ ರೊಟ್ಟಿಗೆ ಹಚ್ಚಿಕೊಂಡು ಉಂಡು ಎದ್ದೆವು. ಮಾವ ಅಂಗಡಿಗೆ ಹೋದರು. ನಾನು ಪಡಸಾಲೆಯಲ್ಲಿ ಅಡ್ಡಾದೆ. ಆಗ ಅಡುಗೆಮನೆಯಿಂದ ಕರ್ ಕರ್ ಅಂತ ಸದ್ದು ಕೇಳಿಸಿತು. ಲೋಹದ ಮೇಲೆ ಲೋಹ ಉಜ್ಜುವ ಸದ್ದು. ಚಿಕ್ಕವಳಿದ್ದಾಗಿನಿಂದ ಕೇಳಿದ್ದೇ, ಯಾವತ್ತೂ ಗಮನ ಕೊಟ್ಟಿರಲಿಲ್ಲ.

ಎದ್ದು ಹೋಗಿ ನೋಡಿದೆ. ಅಕ್ಕ ನೆಲದ ಮೇಲೆ ಕೂತು, ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟೀಲ್ ಚಮಚದಿಂದ ತಳ ಕೆರೆಯುತ್ತಿದ್ದಳು. ತಳಕ್ಕೆ ಹತ್ತಿದ್ದ ಪಲ್ಯವನ್ನು ತಣ್ಣಗಿನ ರೊಟ್ಟಿಯ ಮೇಲೆ ಹಾಕಿಕೊಳ್ಳುತ್ತಿದ್ದಳು.

“ಏನ್ ಮಾಡಾಕತ್ತೀ ಅಕ್ಕಾ?”

“ಕಾಣವಲ್ತೇನು? ಉಣ್ಣಾಕತ್ತೀನಿ.”

“ತಳದ್ದ್ಯಾಕ?”

“ಮ್ಯಾಲಿಂದು ನಿಮಗ ಆತಲ್ಲ. ತಳದಾಗs ರುಚಿ ಇರ್ತದ. ನಿನ್ನೀದು ಇದ್ರ ಇನ್ನೂ ರುಚಿ. ರಾತ್ರಿ ಇದರಾಗs ಬಿಟ್ರ ಹುಳಿ ಹಿಡೀತದ.”

ನಾನು ಅಲ್ಲೇ ಕುಕ್ಕರಿಸಿದೆ. ಬೋಗುಣಿಯ ಒಳಗೆ ಬೆಳ್ಳಗೆ ಹೊಳೆಯುವ ಕಲಾಯಿ ಇತ್ತು. ಹಿತ್ತಾಳೆಯ ಕಿಲುಬು ಅಡುಗೆಗೆ ಇಳಿಯದಿರಲಿ ಎಂದು ಕಾಯಿಸಿ ಬಳಿಯುವ ತವರದ ಲೇಪ. ತಳದ ನಡುವೆ ಮಾತ್ರ ಅದು ಹೋಗಿ ಹಳದಿ ಹಿತ್ತಾಳೆ ಕಾಣುತ್ತಿತ್ತು. ಅಕ್ಕ ನನ್ನ ಕಣ್ಣು ಎಲ್ಲಿದೆ ಎಂದು ನೋಡಿ, “ಅದೊಂದು ದೊಡ್ಡ ಪಂಚಾಯ್ತಿ. ಎಲ್ಲಾರ ಮನ್ಯಾಗ ಕಲಾಯಿ ವರ್ಷ ಬಾಳಿಕಿ ಬರ್ತದ. ನಮ್ಮ ಮನ್ಯಾಗ ಮೂರ್ತಿಂಗಳಾಗಂಗಿಲ್ಲ ಹೋಗೇ ಬಿಡ್ತದ. ಮತ್ತ ಹಾಕಸ್ತೀನಿ, ಮತ್ತ ಹೋಗ್ತದ” ಎಂದಳು.

ಎಲ್ಲಿಗೆ ಹೋಗುತ್ತದೆ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಹುಳಿಸೊಪ್ಪು, ರಾತ್ರಿಯೆಲ್ಲ ನೆನೆದದ್ದು, ಚಮಚದಿಂದ ಕೆರೆದದ್ದು, ಮನೆಯಲ್ಲಿ ಅಕ್ಕನೊಬ್ಬಳೇ ಉಂಡದ್ದು. ಕಲಾಯಿಯಲ್ಲಿ ಇರಬೇಕಾದದ್ದು ತವರ, ಅದರಿಂದ ಕಿಡ್ನಿಗೆ ಹೀಗಾಗುವುದಿಲ್ಲ. ಅದರಲ್ಲಿ ಬೇರೆ ಏನಾದರೂ ಬೆರೆತಿದ್ದರೆ? ಅಕ್ಕನ ಕೈಯಿಂದ ಚಮಚ ಕಿತ್ತುಕೊಂಡೆ. ಅವಳ ಕೈಯಲ್ಲಿದ್ದ ತುತ್ತನ್ನೂ ಕಿತ್ತುಕೊಂಡೆ. ಅವಳು ನನಗೆ ಹುಚ್ಚು ಹಿಡಿಯಿತೆಂದು ನಿಜವಾಗಿಯೂ ಹೆದರಿದಳು.

ಬ್ಲೇಡಿನಿಂದ ಕಲಾಯಿಯ ನಾಲ್ಕು ಚೂರು ಕೆರೆದು ಕಾಗದದಲ್ಲಿ ಕಟ್ಟಿಕೊಂಡು ಸಿರವಾರದ ಮೇಲೆ ಮಾನ್ವಿಗೆ ಬಂದೆ. ಮಾರನೆಯ ದಿನ ಶಾಲೆಯ ಪ್ರಯೋಗಾಲಯದಲ್ಲಿ ಅದನ್ನು ವಿನೆಗರ್‌ನಲ್ಲಿ ಕುದಿಸಿ ಇಟ್ಟೆ. ಅದರ ಮರುದಿನ ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು, ಸೋಸಿ, ತಿಳಿಯನ್ನು ಗಾಜಿನ ನಳಿಗೆಯಲ್ಲಿ ತೆಗೆದುಕೊಂಡೆ. ಹತ್ತನೆಯ ತರಗತಿಗೆ ವರ್ಷ ವರ್ಷ ಮಾಡಿ ತೋರಿಸುವ ಪ್ರಯೋಗವೇ ಅದು. ಸೀಸ ಕರಗಿರುವ ನೀರಿಗೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಹಳದಿ ಪ್ರಕ್ಷೇಪ ಬರುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹನಿ ಹಾಕಿದೆ.

ಹಳದಿ ಬಂತು. ಸ್ವಲ್ಪ ಮಂಕು ಹಳದಿಯಲ್ಲ, ಚೆಂಡುಹೂವಿನಂಥ ಹಳದಿ. ಇನ್ನೂ ನಂಬಿಕೆ ಬರದೆ ನಳಿಗೆಯನ್ನು ಕಾಯಿಸಿದೆ. ಹಳದಿಯೆಲ್ಲ ಕರಗಿ ನೀರು ತಿಳಿಯಾಯಿತು. ಆರಲು ಬಿಟ್ಟೆ. ಆರುತ್ತ ಆರುತ್ತ ನಳಿಗೆಯ ಒಳಗೆ ಬಂಗಾರದ ಪುಡಿ ಉದುರಿದಂತೆ ಮಿಣಮಿಣ ಹೊಳೆಯುವ ಚೂರುಗಳು ಇಳಿಯತೊಡಗಿದವು. ಅಷ್ಟು ಚಂದದ್ದನ್ನು ನಾನು ಆ ಪ್ರಯೋಗಾಲಯದಲ್ಲಿ ಕಂಡೇ ಇರಲಿಲ್ಲ. ಸಿಕ್ಕಿತು, ಸಿಕ್ಕಿತು ಎಂದು ಒಬ್ಬಳೇ ಗಟ್ಟಿಯಾಗಿ ಅಂದೆ, ಕುಣಿದೆ ಅಂತಲೂ ಹೇಳಬಹುದು. ಆಮೇಲೆ ಅದು ನಮ್ಮಕ್ಕನ ಹೊಟ್ಟೆಗೆ ಇಳಿದದ್ದು ಎಂದು ನೆನಪಾಗಿ ಸ್ಟೂಲಿನ ಮೇಲೆ ಕೂತು ಅತ್ತೆ. ರಾಯಚೂರಿನಲ್ಲಿ ಕಾಲೇಜಿನ ಗೆಳತಿಯೊಬ್ಬಳ ಕೈಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ. ಅವಳಿಗೂ ಸೀಸವೇ ಸಿಕ್ಕಿತು.

ಡಾಕ್ಟರು ಫೋನಿನಲ್ಲಿ, “ಮೊದಲು ಆ ಪಾತ್ರೆ ಬಂದ್ ಮಾಡಿ. ಒಳಗೆ ಹೋಗೋದು ನಿಲ್ಲಲಿ. ಹೊರಗೆ ತೆಗೆಯೋಕೆ ಔಷಧ ಬೇಕೋ ಬೇಡವೋ ಆಮೇಲೆ ನೋಡೋಣ” ಎಂದರು. ಹೇಳಿದಷ್ಟು ಸುಲಭವಾಗಿರಲಿಲ್ಲ. ಅಕ್ಕ ಬೋಗುಣಿಯನ್ನು ಎದೆಗೆ ಅವಚಿಕೊಂಡು ಕೂತುಬಿಟ್ಟಳು.

“ಅವ್ವ ಇದರಾಗs ಮಾಡಿ ಇದರಾಗs ಉಂಡಾಳ. ಅಕಿಗೇನಾಗಿತ್ತು? ಗಟ್ಟಿಮುಟ್ಟಿ ಇದ್ಲು. ನೀ ಬಂದು ನಮ್ಮವ್ವನ ಬೋಗುಣಿಗೆ ಹೆಸರ ಇಡಾಕತ್ತೀಯೇನು?”

“ಬೋಗುಣಿ ತಪ್ಪಲ್ಲಕ್ಕಾ. ಕಲಾಯಿ ಖೋಟಾ ಅದ.”

“ಕಲಾಯಿ ಅಂದ್ರ ಕಲಾಯಿ. ಅದರಾಗ ಖೋಟಾ ಎಲ್ಲಿಂದ ಬರ್ತದ?”

ಇದನ್ನು ಅವಳಿಗೆ ತೋರಿಸಲೇಬೇಕಿತ್ತು. ಅವಳನ್ನೇ ಕರೆದುಕೊಂಡು ಹೋಗಿ ಬಸ್‌ಸ್ಟ್ಯಾಂಡ್ ಹತ್ತಿರ ಕೂರುವ ಕಲಾಯಿಯವನನ್ನು ಹಿಡಿದೆ. ಜಾಲಹಳ್ಳಿಯ ಅವಮಾನ ಇನ್ನೂ ಹಸಿಯಾಗಿತ್ತು, ಆದ್ದರಿಂದ ಈ ಸಲ ಬಾಯಿ ಬಿಗಿಹಿಡಿದುಕೊಂಡಿದ್ದೆ. ಯಾವ ತವರ ಹಾಕುತ್ತೀರಿ ಎಂದು ಮೆಲ್ಲಗೆ ಕೇಳಿದೆ. ಅವನು ಮೊದಲು ಅಸಲೀ ಮಾಲು ಎಂದ. ಆಮೇಲೆ ಅಸಲಿ ಎಂದೇ ಅಂಗಡಿಯವರು ಕೊಡುತ್ತಾರೆ ಎಂದ. ಆಮೇಲೆ, ಅಸಲಿ ತವರ ತುಟ್ಟಿಯಾದ ಮೇಲೆ ಗುಜರಿಯಲ್ಲಿ ರೇಡಿಯೋ, ಟಿ.ವಿ.ಗಳ ಬೆಸುಗೆ ಕರಗಿಸಿದ ಗಟ್ಟಿ ಸಿಗುತ್ತದೆ, ಅದನ್ನೇ ಎಲ್ಲರೂ ಒಯ್ಯುತ್ತಾರೆ ಎಂದ. ಹಳೆಯ ಬೆಸುಗೆಯಲ್ಲಿ ತವರದ ಜೊತೆ ಸೀಸವೂ ಇರುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. “ಲಗೂನ ಕರಗ್ತದರೀ ಅಕ್ಕಾರ, ಚಮಕ್ ಭಾಳ ಬರ್ತದ” ಎಂದು ಮಾಲು ಹೊಗಳಿದ. ದಿನವೆಲ್ಲ ಅದರ ಹೊಗೆ ಕುಡಿಯುವವನು ಅವನೇ. ನೀನೂ ರಕ್ತ ತೋರಿಸು ಎಂದು ಡಾಕ್ಟರ ಹೆಸರು ಹೇಳಿದೆ. ತಲೆಯಾಡಿಸಿದ, ಹೋದನೋ ಇಲ್ಲವೋ ತಿಳಿಯದು. ಗುಜರಿ ಗಟ್ಟಿ ಮಾತ್ರ ಬಿಟ್ಟ, ಅದನ್ನು ನಾನೇ ಮತ್ತೆ ಮತ್ತೆ ಹೋಗಿ ನೋಡಿದ್ದೇನೆ.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. “ತವರಿಂದ ಬಂದ ಬೋಗುಣಿಗೆ ತವರನs ಇಲ್ಲೇನು ಹಂಗಾರ” ಎಂದಳು. ನಗಿಸಲು ಹೇಳಿದಳೋ, ನೊಂದು ಹೇಳಿದಳೋ ನನಗೆ ಗೊತ್ತಾಗಲಿಲ್ಲ. ಮನೆಗೆ ಹೋದವಳೇ ಬೋಗುಣಿಯನ್ನು ಅಟ್ಟಕ್ಕೆ ಹಾಕಿದಳು.

ಆಮೇಲೆ ಕಾಯುವ ಕೆಲಸ. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಅಕ್ಕ ಗುಳಿಗೆ ನುಂಗಿದಳು, ಉಪ್ಪು ಕಡಿಮೆ ಮಾಡಿದಳು, ಡಾಕ್ಟರು ಹೇಳಿದಂತೆ ಪುಂಡಿಪಲ್ಯವನ್ನೂ ಕಡಿಮೆ ಮಾಡಿದಳು. ನಾನು ದಿನಾ ಫೋನು ಮಾಡಿ ಕಾಲು ಬಾತಿದೆಯಾ, ಹೊಟ್ಟೆ ನೋವಿದೆಯಾ ಎಂದು ಕೇಳುತ್ತಿದ್ದೆ. ಹೊಟ್ಟೆನೋವು ಮೊದಲು ಹೋಯಿತು. ಕಾಲಿನ ಬಾವು ಒಂದು ದಿನ ಇಳಿದರೆ ಮತ್ತೊಂದು ದಿನ ಬರುತ್ತಿತ್ತು. ತಿಂಗಳುಗಳ ಮೇಲೆ ಮತ್ತೆ ರಕ್ತ ಕೊಟ್ಟು ಬಂದೆವು. ಫಲಿತಾಂಶದ ದಿನ ನಾನು, ಅಕ್ಕ, ಮಾವ ಮೂವರೂ ರಾಯಚೂರಿಗೆ ಹೋದೆವು. ಹೊರಗೆ ಬೆಂಚಿನ ಮೇಲೆ ಅಕ್ಕ ಕಣ್ಣು ಮುಚ್ಚಿ ಕೂತು ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದಳು. ನಾನು ಎದ್ದು ಕೂತು, ಎದ್ದು ಕೂತು, ಕಡೆಗೆ ನರ್ಸಿನ ಕೈಯಲ್ಲಿ ಬೈಸಿಕೊಂಡೆ.

ಡಾಕ್ಟರು ನೋಡಿ ಮೊದಲು ಕನ್ನಡಕ ತೆಗೆದಿಟ್ಟರು. “ಸೀಸ ಚೆನ್ನಾಗಿ ಇಳಿದಿದೆ. ಕ್ರಿಯಾಟಿನಿನ್ ಇಳಿದಿಲ್ಲ, ಆದರೆ ಏರಿಲ್ಲ. ಹೋದ ಸಲ ಎಲ್ಲಿತ್ತೋ ಅಲ್ಲೇ ನಿಂತಿದೆ.”

“ಹಂಗಂದ್ರ?” ಎಂದಳು ಅಕ್ಕ.

“ಹಾಳಾದದ್ದು ವಾಪಸು ಬರಲ್ಲಮ್ಮ. ಉಳಿದಿರೋದನ್ನ ಕಾಪಾಡ್ಕೊಂಡ್ರೆ ಬಹಳ ವರ್ಷ ನಡೆಯುತ್ತೆ. ಡಯಾಲಿಸಿಸ್ ಮಾತು ಈಗ ಬೇಡ.”

ನಾನು ಡಾಕ್ಟರ ಎರಡೂ ಕೈ ಹಿಡಿದುಕೊಂಡುಬಿಟ್ಟೆ. ಅವರು ಬಿಡಿಸಿಕೊಳ್ಳಲು ಒದ್ದಾಡಿದರು. ಮಾವ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಅಕ್ಕ ಮಾತ್ರ ಚಪ್ಪಲಿ ಮೆಟ್ಟಿಕೊಳ್ಳುತ್ತ, “ನನಗ ಹಸಿವ್ಯಾಗ್ಯಾದ” ಎಂದಳು. ಅವಳ ಬಾಯಲ್ಲಿ ಆ ಮಾತು ಕೇಳಿ ವರ್ಷವಾಗಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬಸ್‌ಸ್ಟ್ಯಾಂಡ್ ಬಳಿಯ ಖಾನಾವಳಿಗೆ ಹೋದೆವು. ಒಳಗೆ ಹೆಂಗಸರು ಪಟಪಟ ರೊಟ್ಟಿ ಬಡಿಯುತ್ತಿದ್ದರು. ಬಡಿಸುವವನು ರೂಢಿಯಂತೆ ಮೊದಲ ತಟ್ಟೆಯನ್ನು ಮಾವನ ಮುಂದೆ ಇಟ್ಟ. ಹಂಚಿನಿಂದ ಆಗಷ್ಟೇ ಇಳಿದ ರೊಟ್ಟಿ, ಇನ್ನೂ ಉಬ್ಬಿಕೊಂಡಿತ್ತು, ಆವಿ ಏಳುತ್ತಿತ್ತು. ಮಾವ ಸ್ವಲ್ಪ ಹೊತ್ತು ಅದನ್ನು ನೋಡಿದರು. ಆಮೇಲೆ ತಟ್ಟೆಯನ್ನು ಅಕ್ಕನ ಮುಂದೆ ಸರಿಸಿದರು.

“ನೀವ್ ಉಣ್ರಿ. ನಂದು ಬರ್ತದ” ಎಂದಳು ಅಕ್ಕ.

“ಉಣ್ಣು” ಎಂದರು ಮಾವ.

ಅಕ್ಕ ಆಚೆ ಈಚೆ ನೋಡಿದಳು, ಯಾರಾದರೂ ಏನಾದರೂ ಅಂದಾರು ಎನ್ನುವ ಹಾಗೆ. ರೊಟ್ಟಿ ಮುರಿದಳು. ಬೆರಳು ಸುಟ್ಟಿತು, ಊದಿಕೊಂಡಳು. ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು. ಮದುವೆಯಾಗಿ ಬಂದಾಗಿನಿಂದ ದಿನಾ ಹಂಚಿನ ಮುಂದೆ ಕೂತು ಮನೆಮಂದಿಗೆಲ್ಲ ರೊಟ್ಟಿ ಸುಟ್ಟು ಬಡಿಸಿದವಳು ಅವಳು.

ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಬಿಸಿ ರೊಟ್ಟಿ ಅಂದ್ರ ಹಿಂಗ ಇರ್ತದೇನ ಬೇ?”